ತಿದ್ದಿ ಕೊಟ್ಟ ಮೂರು ಹಾಳೆ

ಹೋದ ತಿಂಗಳು ಕಚೇರಿ ಕೆಲಸಕ್ಕೆಂದು ತುರುವೇಕೆರೆಗೆ ಹೋಗಿದ್ದೆ. ಸಾಹೇಬರು ಊಟ ಮುಗಿಸಿ ಬರುವವರೆಗೆ ಕಾಯಬೇಕು ಎಂದರು. ಎದುರಿಗಿದ್ದ ಸ್ಕೂಟರ್ ರಿಪೇರಿ ಅಂಗಡಿಯ ನೆರಳಲ್ಲಿ ಒಂದು ಸ್ಟೂಲು ಸಿಕ್ಕಿತು, ಕೂತೆ. ನಡುವಯಸ್ಸಿನ ಮೆಕ್ಯಾನಿಕ್ಕು ಅಗಲವಾದ ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದುಕೊಂಡು, ಹಳೆಯ ಬ್ರಷ್ಷಿನಿಂದ ಚೈನು ತಿಕ್ಕುತ್ತಿದ್ದ. ಕಪ್ಪು ಮಡ್ಡಿ ಕರಗಿ ಎಣ್ಣೆಗೆ ಇಳಿಯುತ್ತಿತ್ತು. ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತೋ... ಈಗ ಯಾರ ಮನೆಯಲ್ಲಿದೆ ಅದು. ಎಣ್ಣೆಯೂ ಮಸಿಯೂ ಬೆರೆತ ಆ ವಾಸನೆಗೆ ನನ್ನ ಹೊಟ್ಟೆಯಲ್ಲಿ ಹಳೆಯದೊಂದು ಉರಿ ಎದ್ದಿತು. ನನ್ನ ವಯಸ್ಸಿನವನು ಹೊಟ್ಟೆಯುರಿ ಎಂದರೆ ಜನ ಗ್ಯಾಸ್ಟ್ರಿಕ್ ಎಂದುಕೊಳ್ಳುತ್ತಾರೆ. ಇದು ಅದಲ್ಲ. ಇದು ನಾನು ಅರ್ಧ ಆಯುಷ್ಯ ಸಾಕಿಕೊಂಡು ಬಂದ ಹೊಟ್ಟೆಕಿಚ್ಚು.

ತಿಪಟೂರಿನಲ್ಲಿ ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿ ಒಂದು ಪ್ರೆಸ್ಸಿತ್ತು. ಅಲ್ಲಿ ಅಚ್ಚಾಗುತ್ತಿದ್ದುದು ಹೆಚ್ಚಾಗಿ ಮದುವೆ ಪತ್ರಿಕೆ, ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡು, ಮಂಡಿಗಳ ಬಿಲ್ ಪುಸ್ತಕ. ಜೊತೆಗೆ ನಾಲ್ಕು ಪುಟದ ಒಂದು ವಾರಪತ್ರಿಕೆ. ಪ್ರೆಸ್ಸಿನ ಯಜಮಾನರೇ ಅದಕ್ಕೆ ಸಂಪಾದಕರು. ಆಗ ಕಂಪ್ಯೂಟರ್ ಇರಲಿಲ್ಲ. ಸೀಸದ ಅಕ್ಷರಗಳನ್ನು, ಅವನ್ನು ಮೊಳೆ ಅನ್ನುತ್ತಿದ್ದೆವು, ಗೂಡುಗೂಡಿನ ಮರದ ಪೆಟ್ಟಿಗೆಯಿಂದ ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಬೇಕು. ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಅವುಗಳ ಗೂಡಿಗೆ ಸೇರಿಸಬೇಕು. ಆ ಕೆಲಸ ಮಾಡುತ್ತಿದ್ದವರನ್ನು ಊರೆಲ್ಲ ಪ್ರೆಸ್ಸಿನಕ್ಕ ಎನ್ನುತ್ತಿತ್ತು. ನಾನೂ ಅಕ್ಕ ಎಂದೇ ಕರೆದೆ. ಹಂದನಕೆರೆ ಕಡೆಯವರು. ಓದಿದ್ದು ಏಳನೇ ಕ್ಲಾಸು. ಬೆರಳ ತುದಿಗಳು ಯಾವಾಗಲೂ ಕಪ್ಪು, ಹಬ್ಬದ ದಿನವೂ.

ನಾನು ಆಗ ಹಾಲ್ಕುರಿಕೆಯಲ್ಲಿ ಕನ್ನಡ ಮೇಷ್ಟ್ರು. ಹೊಸ ಕೆಲಸ, ಹೊಸ ಪೆನ್ನು, ಲೇಖಕನಾಗಬೇಕೆಂಬ ಹುಚ್ಚು. ವಾರಕ್ಕೊಂದು ಲೇಖನ ಬರೆದು, ಶನಿವಾರ ಬೆಳಗಿನ ಕ್ಲಾಸು ಮುಗಿದದ್ದೇ ಬಸ್ಸು ಹತ್ತಿ ಪ್ರೆಸ್ಸಿಗೆ ಬರುತ್ತಿದ್ದೆ. ನನ್ನ ಬರವಣಿಗೆ ಹೇಗಿತ್ತು ಎಂದು ಈಗ ನಾಚಿಕೆಯಿಲ್ಲದೆ ಹೇಳಬಲ್ಲೆ. ಸೂರ್ಯ ಹುಟ್ಟಿದ ಎಂದು ಬರೆದರೆ ಮರ್ಯಾದೆ ಕಡಿಮೆ ಎಂದುಕೊಂಡಿದ್ದವನು ನಾನು. ನನ್ನ ಸೂರ್ಯ ಸದಾ ಪೂರ್ವದಿಗಂತದಲ್ಲಿ ಪ್ರಜ್ವಲಿಸುತ್ತಿದ್ದ.

ಮೊದಲ ಸಲವೇ ಅಕ್ಕ ಹಾಳೆಗಳನ್ನು ಮೇಲಿಂದ ಕೆಳಗೆ ನೋಡಿ, ನನ್ನನ್ನೂ ಹಾಗೆಯೇ ನೋಡಿದರು.

"ಮೇಷ್ಟ್ರೇ, ನಿಮ್ದೊಂದು ಪುಟ ಜೋಡಿಸಿದ್ರೆ ನಮ್ ಗೂಡೆಲ್ಲ ಖಾಲಿ ಕಣ್ರೀ."

ತಮಾಷೆಗೆ ಹೇಳಿದ್ದಲ್ಲ. ಸಣ್ಣ ಪ್ರೆಸ್ಸು, ಒತ್ತಕ್ಷರದ ಮೊಳೆಗಳು ಎಣಿಸಿದಷ್ಟೇ. ಅದರಲ್ಲೂ ಮದುವೆಯ ತಿಂಗಳುಗಳಲ್ಲಿ ದೊಡ್ಡ ದೊಡ್ಡ ಅಕ್ಷರಗಳೆಲ್ಲ ಲಗ್ನಪತ್ರಿಕೆಗಳಲ್ಲಿ ಸಿಕ್ಕಿಕೊಂಡಿರುತ್ತಿದ್ದವು. ಜ್ಯೇಷ್ಠ ಪುತ್ರರು, ಕನಿಷ್ಠ ಪುತ್ರಿಯರು, ಸುಮುಹೂರ್ತ, ಆತ್ಮೀಯ ಸ್ವಾಗತ. ಜೋಡಿಸಿದ ಪುಟವನ್ನು ಹುರಿಯಿಂದ ಕಟ್ಟಿ ಪಕ್ಕಕ್ಕಿಟ್ಟಿರುತ್ತಿದ್ದರು. ಮದುವೆ ಮನೆಯವರು ಬಂದು ಪ್ರೂಫು ನೋಡಿ ಹೂಂ ಅಂದು, ಅಚ್ಚಾಗುವ ತನಕ ಅದನ್ನು ಬಿಚ್ಚುವಂತಿಲ್ಲ. ಅಷ್ಟು ದಿನ ನನ್ನ ಪಾಂಡಿತ್ಯಕ್ಕೂ ಮೊಳೆ ಇಲ್ಲ. ಮೊಳೆ ಸಾಲದಿದ್ದ ಕಡೆ ಅಕ್ಕ ಬೇರೆ ಪದ ಹಾಕುತ್ತಿದ್ದರು. ನನ್ನ "ಪ್ರಜ್ವಲಿಸು" ಹೋಗಿ "ಉರಿ" ಬರುತ್ತಿತ್ತು. "ವೃದ್ಧಾಪ್ಯ" ಹೋಗಿ "ಮುಪ್ಪು" ಬರುತ್ತಿತ್ತು. ನಾನು ಕೂಗಾಡುತ್ತಿದ್ದೆ. ಅಕ್ಕ ಗೂಡು ತೋರಿಸುತ್ತಿದ್ದರು. ಖಾಲಿ ಗೂಡಿನ ಮುಂದೆ ಯಾವ ಪಂಡಿತನ ಆಟ ನಡೆಯುತ್ತದೆ.

ಆ ವರ್ಷ ನಮ್ಮವ್ವ ತೀರಿಕೊಂಡಳು. ಹದಿನೈದು ದಿನ ಕಳೆದ ಮೇಲೆ ಅವಳ ಬಗ್ಗೆ ಬರೆದು ತಂದೆ. ಶುರುವಾಗುವುದೇ ಹೀಗೆ: ನನ್ನ ಪೂಜ್ಯ ಮಾತೃಶ್ರೀಯವರು ಇಹಲೋಕವನ್ನು ತ್ಯಜಿಸಿದ ಆ ದುರ್ದಿನದಂದು ನನ್ನ ಹೃದಯವು ಶೋಕಸಾಗರದಲ್ಲಿ ನಿಮಗ್ನವಾಯಿತು. ಬರೆಯುವಾಗ ನಾನೇ ಅತ್ತಿದ್ದೆ. ಅವ್ವನಿಗಾಗಿ ಅತ್ತೆನೋ, ವಾಕ್ಯದ ಚೆಲುವಿಗೆ ಅತ್ತೆನೋ ಈಗ ಹೇಳಲಾರೆ.

ಅಕ್ಕ ಓದಿ ಹಾಳೆ ಕೆಳಗಿಟ್ಟರು. "ಮೇಷ್ಟ್ರೇ, ನೀವು ಸಮುದ್ರ ನೋಡಿದೀರಾ?" ಎಂದರು.

ಇಲ್ಲ ಎಂದೆ. ಆಗ ನಾನು ಹಾಸನ ದಾಟಿದವನಲ್ಲ.

"ಮನೇಲಿ ಈಗ ಯಾರವ್ರೆ, ಏನೈತೆ?"

ಯಾಕೆ ಕೇಳಿದರೋ ತಿಳಿಯಲಿಲ್ಲ. ಏನಿರುತ್ತೆ ಅಕ್ಕ, ಅಟ್ಟದಲ್ಲಿ ಅವ್ವ ಹಾಕಿಸಿದ ಕಾಯಿ ಹಾಗೇ ಇದೆ ಎಂದೆ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಬತ್ತಿ, ಕಾಯಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎಂದಾಗ ಕೊಬ್ಬರಿ ಆಯಿತು ಎಂದು ಲೆಕ್ಕ. ಅವ್ವ ಹಾಕಿಸಿದ್ದಕ್ಕೆ ಇನ್ನೂ ಆರು ತಿಂಗಳು ಬೇಕು, ಅದನ್ನು ನೋಡಿದರೆ ಅಟ್ಟದ ಕಡೆ ತಲೆ ಎತ್ತೋದಕ್ಕೆ ಆಗಲ್ಲ, ಹೀಗೇ ಏನೋ ಅಂದಿರಬೇಕು. ಟೀ ಕುಡಿದು ಬರುವಷ್ಟರಲ್ಲಿ ಅಕ್ಕ ಮೊದಲ ಸಾಲುಗಳ ಪ್ರೂಫು ತೆಗೆದಿದ್ದರು. ಮಸಿ ಆರಿರಲಿಲ್ಲ.

"ಅವ್ವ ಹೋದಳು. ಅವಳು ಅಟ್ಟಕ್ಕೆ ಹಾಕಿದ ಕಾಯಿ ಇನ್ನೂ ಕೊಬ್ಬರಿಯಾಗಿರಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ನಮ್ಮವ್ವನ ಮೇಲೆ ಬರೆದದ್ದನ್ನು ಮುಟ್ಟಲು ಇವರು ಯಾರು. ಹಳೆಯದನ್ನೇ ಹಾಕಿ ಎಂದೆ. "ಮೊಳೆ ಇಲ್ಲ ಕಣ್ರೀ ಮೇಷ್ಟ್ರೇ, ಮದುವೆ ಪತ್ರಿಕೆ ಕಟ್ಟಿಟ್ಟಿದೀನಿ" ಎಂದರು. ಯಜಮಾನರು ಪತ್ರಿಕೆ ತಡವಾಗುತ್ತದೆಂದು ಅವಸರ ಮಾಡಿದರು. ಹಾಗೇ ಅಚ್ಚಾಯಿತು. ಮುಂದಿನ ಶನಿವಾರ ಅಕ್ಕ ಊಟಕ್ಕೆ ಹೋಗಿದ್ದಾಗ ಸುಮ್ಮನೆ ಪೆಟ್ಟಿಗೆಯ ಹತ್ತಿರ ಹೋಗಿ ನೋಡಿದೆ. ಹಿಂದಿನ ವಾರದ ಪತ್ರಿಕೆಯ ಪುಟಗಳನ್ನು ಇನ್ನೂ ಬಿಚ್ಚಿರಲಿಲ್ಲ, ಮದುವೆ ಪುಟಗಳೂ ಕಟ್ಟಿದಂತೆಯೇ ಕೂತಿದ್ದವು. ಆದರೂ ಶೋಕಸಾಗರಕ್ಕೆ ಬೇಕಾದ ಮೊಳೆಗಳು ಗೂಡಿನಲ್ಲಿ ಹಾಗೇ ಇದ್ದವು. ಎರಡು ಶೋಕಸಾಗರಕ್ಕೆ ಆಗುವಷ್ಟು ಇದ್ದವು.

ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಗೂಡಿನ ಮುಂದೆ. ಅದುವರೆಗೆ ಅಕ್ಕ ನನ್ನ ಪದ ಬದಲಿಸಿದ್ದು ಮೊಳೆಯ ಬಡತನದಿಂದ ಎಂದುಕೊಂಡಿದ್ದೆ. ಅವರು ಬೇಕೆಂದೇ ಬದಲಿಸುತ್ತಿದ್ದರು. ನನಗಿಂತ ಚೆನ್ನಾಗಿ ಕೇಳುವ ಕಿವಿ ಅವರಿಗಿತ್ತು, ಅದು ಅವರಿಗೂ ಗೊತ್ತಿತ್ತು, ನನ್ನ ಮಾನ ಉಳಿಯಲಿ ಎಂದು ಮೊಳೆಯ ನೆಪ ಹೇಳುತ್ತಿದ್ದರು. ಬೈದಿದ್ದರೆ ಸಹಿಸಬಹುದಿತ್ತು. ನನ್ನ ಮೇಲೆ ಕನಿಕರ ತೋರಿಸಿದ್ದು ಸಹಿಸಲಾಗಲಿಲ್ಲ.

ಅವ್ವನ ಲೇಖನ ಊರೂರು ತಿರುಗಿತು. ಮಂಡಿಗಳಲ್ಲಿ ಜನ ಕರೆದು ಮಾತಾಡಿಸಿದರು. ಹೊಸಹಳ್ಳಿ ಬಸ್ಸಿನಲ್ಲಿ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತಳು. ಕೆಲವು ವರ್ಷಗಳಾದ ಮೇಲೆ ಅದು ಒಂದು ಪಠ್ಯಪುಸ್ತಕಕ್ಕೂ ಸೇರಿತು. ನನ್ನನ್ನು ಶಾಲೆ ಕಾಲೇಜುಗಳಿಗೆ ಕರೆಯತೊಡಗಿದರು. ಎಲ್ಲೇ ಹೋದರೂ ಮಕ್ಕಳು ಕೇಳುವುದು ಅದೇ ನಾಲ್ಕು ಪ್ರಶ್ನೆ. ಸಾರ್, ಒಳ್ಳೆ ಪದ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಸಂಸ್ಕೃತ ಪದ ಹಾಕಬಹುದಾ? ಮನೆಮಾತಿನಲ್ಲಿ ಬರೆದರೆ ತಪ್ಪಾ? ಆ ಕೊಬ್ಬರಿ ಸಾಲು ನಿಮಗೆ ಹೇಗೆ ಹೊಳೀತು?

ನಾನು ಗಂಟಲು ಸರಿಮಾಡಿಕೊಂಡು ಉತ್ತರ ಕೊಡುತ್ತಿದ್ದೆ. ಪದ ಬರೆಯುವವನಿಗೆ ಪುಕ್ಕಟೆ, ಆದ್ದರಿಂದಲೇ ಅವನು ದುಂದು ಮಾಡುತ್ತಾನೆ, ಒಂದೊಂದು ಅಕ್ಷರವನ್ನೂ ಕೈಯಲ್ಲಿ ಎತ್ತಿ ಇಡುವ ಹಾಗಿದ್ದರೆ ಬೇಕಾದ್ದು ಯಾವುದು ಬೇಡದ್ದು ಯಾವುದು ತಾನೇ ತಿಳಿಯುತ್ತದೆ ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಅಧ್ಯಕ್ಷರು ತಲೆದೂಗುತ್ತಿದ್ದರು. ಅದು ಅಕ್ಕ ಮೊಳೆ ಹೆಕ್ಕುತ್ತ ನನಗೆ ಹೇಳಿದ ಮಾತು. ಕೊಬ್ಬರಿ ಸಾಲು ಹೇಗೆ ಹೊಳೆಯಿತು ಎಂದರೆ ಕಣ್ಣು ಮುಚ್ಚಿ ಸುಮ್ಮನಾಗುತ್ತಿದ್ದೆ. ಅದನ್ನು ಅವರು ದುಃಖ ಎಂದುಕೊಂಡರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಿಬ್ಬರಲ್ಲಿ ಕೈ ಮಸಿಯಾದದ್ದು ಅವರದು, ಮೊಸರು ಮಾತ್ರ ನನ್ನ ಬಾಯಿಗೆ ಬಿತ್ತು.

ಹಾಗಾದರೆ ಕೃತಜ್ಞತೆ ಬರಬೇಕಿತ್ತಲ್ಲವೇ. ಬರಲಿಲ್ಲ. ಹಾರ ಹಾಕಿಸಿಕೊಂಡಷ್ಟೂ ಉರಿ ಜಾಸ್ತಿಯಾಯಿತು. ಪ್ರೆಸ್ಸಿಗೆ ಹೋದರೆ ಅಲ್ಲಿ ಜನ ಅಕ್ಕನ ಮೇಜಿನ ಸುತ್ತ ನಿಂತಿರುತ್ತಿದ್ದರು. ಶಿವಗಣಾರಾಧನೆಯ ಕಾರ್ಡಿನ ಒಕ್ಕಣೆ ಎಲ್ಲರಿಗೂ ಒಂದೇ. ಆದರೆ ಅಕ್ಕ ತೀರಿಕೊಂಡವರ ಮನೆಯವರನ್ನು ಕೂರಿಸಿಕೊಂಡು, ಅವರು ಬೆಳಗ್ಗೆ ಎದ್ದು ಮೊದಲು ಏನು ಮಾಡ್ತಿದ್ರು, ಯಾರನ್ನ ಬಯ್ತಿದ್ರು, ಹೀಗೆ ಒಂದೆರಡು ಕೇಳಿ, ಹೆಸರಿನ ಕೆಳಗೆ ಒಂದು ಸಾಲು ಸೇರಿಸುತ್ತಿದ್ದರು. ಬೇರೆ ಊರಿನ ಪ್ರೆಸ್ಸು ಬಿಟ್ಟು ಜನ ಆ ಒಂದು ಸಾಲಿಗಾಗಿ ಇಲ್ಲಿಗೆ ಬರುತ್ತಿದ್ದರು. ಕಾರ್ಯ ಮುಗಿದ ಮೇಲೂ ಆ ಕಾರ್ಡನ್ನು ಎಸೆಯದೆ ದೇವರ ಮನೆಯ ಗೋಡೆಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ಒಮ್ಮೆ ದೊಡ್ಡ ಮಂಡಿಯೊಂದರ ಹಿರಿಯರು ತೀರಿಕೊಂಡಾಗ ಯಜಮಾನರು ಅವರ ಮಗನನ್ನು ನನ್ನ ಕಡೆ ಕಳಿಸಿದರು, ಪುಸ್ತಕದಲ್ಲಿ ಪಾಠ ಬಂದಿರುವ ಮೇಷ್ಟ್ರು ಬರೆಯಲಿ ಎಂದು. ನಾನು ಒಂದು ದಿನವಿಡೀ ಕೂತು ವರ್ತಕಶಿರೋಮಣಿ, ದಾನಶೂರ ಎಂದೆಲ್ಲ ಬರೆದುಕೊಟ್ಟೆ. ಮಾರನೇ ದಿನ ನಾನು ಮೆಷಿನ್ನಿನ ಹಿಂದೆ ಪ್ರೂಫು ನೋಡುತ್ತ ಕೂತಿದ್ದೆ. ಆ ಮಗ ಬಂದು ಅಕ್ಕನ ಮುಂದೆ ತಲೆ ಕೆರೆದುಕೊಂಡ. "ಅಕ್ಕ, ಮೇಷ್ಟ್ರು ಚೆನ್ನಾಗೇ ಬರ್ದವ್ರೆ. ಅದ್ರಾಗೆ ನಮ್ಮಪ್ಪ ಕಾಣಲ್ಲ" ಎಂದ. ಕಾರ್ಡಿನಲ್ಲಿ ಬಂದದ್ದು ಅಕ್ಕನ ಸಾಲು: ಕೊಬ್ಬರಿಯನ್ನು ಕಣ್ಣಿಂದ ನೋಡುವ ಮೊದಲು ಕಿವಿಯಿಂದ ನೋಡುತ್ತಿದ್ದವರು. ಆ ಹಿರಿಯರು ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದನ್ನು ತಿಪಟೂರಿನಲ್ಲಿ ಯಾರು ತಾನೇ ಕಂಡಿರಲಿಲ್ಲ. ನಾನೂ ಕಂಡಿದ್ದೆ. ನನಗೆ ಅದು ಬರೆಯುವ ವಿಷಯ ಅನ್ನಿಸಿರಲಿಲ್ಲ, ಅಷ್ಟೆ.

ಅದಾಗಿ ಕೆಲವು ತಿಂಗಳಿಗೆ ಅಕ್ಕ ನನ್ನ ಕೈಗೆ ಮೂರು ಹಾಳೆ ಕೊಟ್ಟರು. ಮದುವೆ ಪತ್ರಿಕೆ ಕತ್ತರಿಸಿ ಉಳಿದ ಹಾಳೆಗಳು, ಅಂಚಿನಲ್ಲಿ ಇನ್ನೂ ಅರಿಶಿನ ಬಣ್ಣವಿತ್ತು. ದುಂಡಗಿನ ಅಕ್ಷರ. ಯಜಮಾನರು ಹೊರಗೆ ಹೋದ ಸಮಯ ನೋಡಿ ಕೊಟ್ಟರು.

"ತಿದ್ದಿಕೊಡಿ ಮೇಷ್ಟ್ರೇ. ಬೇರೆಯೋರ್ದು ಜೋಡಿಸಿ ಗೊತ್ತು, ನಂಗೆ ಬರೆಯಕ್ಕೆಲ್ಲಿ ಬತ್ತೈತೆ. ಚೆನ್ನಾಗಿದ್ರೆ ಯಜಮಾನ್ರಿಗೆ ಹೇಳಿ, ಇಲ್ದಿದ್ರೆ ಬುಡಿ."

ಇಷ್ಟು ಹೇಳುವಾಗ ಮುಖ ಆ ಕಡೆ ತಿರುಗಿಸಿದ್ದರು. ಊರಿನವರ ಸಾವಿಗೆಲ್ಲ ಸಾಲು ಕಟ್ಟಿಕೊಟ್ಟ ಹೆಂಗಸು ತಮ್ಮ ಅಪ್ಪನ ಬಗ್ಗೆ ಬರೆದಿದ್ದರು. ಅವರಪ್ಪ ತೀರಿಕೊಂಡು ವರ್ಷವಾಗಿತ್ತು. ಅದು ಅಚ್ಚಾಗಲಿ ಎಂಬ ಆಸೆ ಅವರಿಗೆ ಎಷ್ಟಿತ್ತು ಎನ್ನುವುದು ಆ ತಿರುಗಿಸಿದ ಮುಖದಲ್ಲೇ ಗೊತ್ತಾಗುತ್ತಿತ್ತು.

ಬಸ್ಸಿನಲ್ಲೇ ಓದಿದೆ. ಅಪ್ಪ ಓದು ಬರಹ ಇಲ್ಲದ ಬೇಸಾಯಗಾರ. ಹಂದನಕೆರೆಯಿಂದ ರಾಗಿ ಹಿಟ್ಟು ತೆಗೆದುಕೊಂಡು ಮಗಳನ್ನು ನೋಡಲು ಪ್ರೆಸ್ಸಿಗೆ ಬರುತ್ತಾನೆ. ಚಪ್ಪಲಿ ಹೊರಗೆ ಬಿಟ್ಟು, ಅಕ್ಷರ ಇರುವ ಜಾಗ ಅಂತ ಕೈ ಮುಗಿದು ಒಳಗೆ ಬರುತ್ತಾನೆ. ಇದ್ರಾಗೆ ನನ್ನ ಹೆಸರು ಎಲ್ಲೈತವ್ವ ಎಂದು ಕೇಳುತ್ತಾನೆ. ಮಗಳು ಸವೆದ ಮೊಳೆಗಳ ಡಬ್ಬಿಯಿಂದ ಅವನ ಹೆಸರಿನ ನಾಲ್ಕು ಅಕ್ಷರ ಹೆಕ್ಕಿ ಅವನ ಅಂಗೈಯಲ್ಲಿಡುತ್ತಾಳೆ. ಅವನು ಅದನ್ನು ಸ್ವಲ್ಪ ಹೊತ್ತು ನೋಡುತ್ತಾನೆ. ಆಮೇಲೆ ಒಂದು ಮಾತು ಅನ್ನುತ್ತಾನೆ. ಅಷ್ಟೇ. ಆ ಮಾತಿನ ಜೊತೆ ಬರಹ ಮುಗಿಯುತ್ತದೆ.

ಅದು ನಾಲ್ಕೋ ಐದೋ ಪದದ ಮಾತು. ಹಂದನಕೆರೆಯ ಮಾತು, ಅವನು ಆಡಿದ ಹಾಗೇ ಬರೆದಿದ್ದರು. ಓದಿ ಹಾಳೆ ಮಡಿಚಿದೆ. ಮನೆಗೆ ಬಂದು ಮತ್ತೆ ಓದಿದೆ. ಎದ್ದು ಹೋಗಿ ಒಂದು ಚೊಂಬು ನೀರು ಕುಡಿದೆ. ಅಷ್ಟು ಚೆನ್ನಾಗಿತ್ತು. ನನ್ನ ಜನ್ಮದಲ್ಲಿ ಅಂಥದ್ದೊಂದು ಸಾಲು ಬರೆಯಲಾರೆ ಎಂದು ಆ ನೀರು ಕುಡಿಯುವಾಗಲೇ ಗೊತ್ತಾಯಿತು. ಇದು ಅಚ್ಚಾದರೆ ಜನ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ, ಅವ್ವನ ಸಾಲು ಎಲ್ಲಿಂದ ಬಂತು ಎಂದು ಕೇಳದೆ ಬಿಡುವುದಿಲ್ಲ ಎಂದೂ ಅನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಅನ್ನುವ ಮೊದಲೇ ನಾನು ಹೆಗಲು ಒರೆಸಿಕೊಳ್ಳುತ್ತಿದ್ದೆ.

ಮಕ್ಕಳ ಪರೀಕ್ಷೆ ಪೇಪರು ತಿದ್ದುವ ಕೆಂಪು ಪೆನ್ನು ತೆಗೆದುಕೊಂಡೆ. ಅಪ್ಪ ಎಂಬುದನ್ನು ಹೊಡೆದು ಪೂಜ್ಯ ತೀರ್ಥರೂಪರು ಎಂದು ಬರೆದೆ. ಅಂಗೈ ಹೋಯಿತು, ಕರತಲ ಬಂತು. ರಾಗಿ ಹಿಟ್ಟು ಹೋಗಿ ಧಾನ್ಯಚೂರ್ಣವಾಯಿತು, ಇದನ್ನು ಬರೆಯುವಾಗ ನನಗೇ ನಗು ಬಂತು, ಆದರೂ ಬಿಡಲಿಲ್ಲ. ಕೊನೆಗೆ ಆ ಮಾತಿಗೆ ಬಂದೆ. ಅದರ ಮೇಲೆ ಗೆರೆ ಎಳೆದೆ. ಒಂದಲ್ಲ, ಅಕ್ಷರ ಕಾಣದ ಹಾಗೆ ಮೂರು ನಾಲ್ಕು ಗೆರೆ. ಅಲ್ಲಿ ಬರೆದೆ: ತೀರ್ಥರೂಪರು ತಮ್ಮ ನಾಮಾಕ್ಷರಗಳನ್ನು ವೀಕ್ಷಿಸಿ ಮೂಕವಿಸ್ಮಿತರಾದರು. ನಾನು ತಿಳಿಯದೆ ಮಾಡಿದ್ದಲ್ಲ. ಯಾವ ಪದ ಸತ್ತ ಪದ ಎಂದು ಅಷ್ಟು ವರ್ಷ ಅಕ್ಕನ ಹತ್ತಿರವೇ ಕಲಿತಿದ್ದೆ. ಕಲಿತದ್ದನ್ನೆಲ್ಲ ಅವತ್ತು ಪ್ರಯೋಗ ಮಾಡಿದೆ. ಒಂದೊಂದು ಗೆರೆ ಎಳೆದಾಗಲೂ ಹೊಟ್ಟೆ ತಣ್ಣಗಾಗುತ್ತಿತ್ತು.

ಶನಿವಾರ ಅಕ್ಕ ಅದನ್ನು ನಿಂತುಕೊಂಡೇ ಓದಿದರು. ಬಹಳ ಹೊತ್ತು ಓದಿದರು.

"ಇಷ್ಟೊಂದು ತಪ್ಪಿತ್ತಾ?" ಎಂದರು.

ತಪ್ಪು ಅಂತಲ್ಲ, ಭಾಷೆ ಸ್ವಲ್ಪ ಒರಟಾಗಿತ್ತು ಅಕ್ಕ, ಪತ್ರಿಕೆಗೆ ಒಗ್ಗಬೇಕಲ್ಲ ಎಂದೆ. ಅವರ ಬೆರಳು ಕೊನೆಯ ಕೆಂಪು ಗೆರೆಗಳ ಮೇಲೆ ನಿಂತಿತು.

"ಇದೂ ಬ್ಯಾಡ್ವಾ? ನಮ್ಮಪ್ಪ ಅಂಗೇ ಅಂದಿದ್ದು ಕಣ್ರೀ."

"ಅಂದಿರಬಹುದು. ಬರವಣಿಗೆಗೆ ಅದು ಬರಲ್ಲ" ಎಂದೆ.

ಅಕ್ಕ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತೇ... ಇವತ್ತಿಗೂ ಹೇಳಲಾರೆ. ಗೊತ್ತಾಗಿದ್ದರೂ ಸುಮ್ಮನಿದ್ದರೋ, ಅಥವಾ ಪಾಠಪುಸ್ತಕದ ಮೇಷ್ಟ್ರು ಹೇಳಿದ ಮೇಲೆ ತಮ್ಮ ಕಿವಿಯನ್ನೇ ನಂಬದೆ ಹೋದರೋ. ಎರಡನೆಯದಾಗಿದ್ದರೆ ನನ್ನ ಪಾಪ ಇನ್ನೂ ದೊಡ್ಡದು. "ಆಯ್ತು ಬುಡಿ, ನಿಮಗೆ ತಿಳಿದಿರ್ತೈತೆ" ಎಂದು ಹಾಳೆಗಳನ್ನು ಪೆಟ್ಟಿಗೆಯ ಮೇಲೆ ಒರಗಿಸಿಟ್ಟು ಜೋಡಿಸಲು ನಿಂತರು.

ಎಲ್ಲರ ಬರಹದಲ್ಲೂ ಮೊಳೆಯ ನೆಪ ಹೇಳಿ ಪದ ಬದಲಿಸುತ್ತಿದ್ದ ಅಕ್ಕ ತಮ್ಮದರಲ್ಲಿ ಒಂದು ಅಕ್ಷರ ಬದಲಿಸಲಿಲ್ಲ. ಮೂಕವಿಸ್ಮಿತಕ್ಕೆ ಬೇಕಾದ ಮೊಳೆ ಸಾಲಲಿಲ್ಲ, ಅದು ನಿಜವಾಗಿಯೂ ಸಾಲಲಿಲ್ಲ. ಅಕ್ಕ ಕಟ್ಟಿಟ್ಟಿದ್ದ ಒಂದು ಮದುವೆ ಪತ್ರಿಕೆಯ ಹುರಿ ಬಿಚ್ಚಿ, ಯಾರದೋ ಮದುವೆಯಿಂದ ಅಕ್ಷರ ಕಿತ್ತು ತಂದು ತಮ್ಮಪ್ಪನನ್ನು ಮೂಕನಾಗಿಸಿದರು. ನಾನು ಎದುರಿಗೇ ಕೂತು ನೋಡಿದೆ. ನಿಲ್ಲಿಸಿ ಅಕ್ಕ, ಮೊದಲಿನದೇ ಚೆನ್ನಾಗಿತ್ತು ಎನ್ನಲು ಒಂದು ಗಂಟೆ ಸಮಯವಿತ್ತು. ಟೀ ತರಿಸಿ ಕುಡಿದೆ.

ಪತ್ರಿಕೆ ಬಂತು. ಯಾರೂ ಏನೂ ಅನ್ನಲಿಲ್ಲ. ಯಜಮಾನರೊಬ್ಬರೇ, "ಪರವಾಗಿಲ್ವೇ ಅಕ್ಕ, ಥೇಟ್ ಮೇಷ್ಟ್ರ ಥರಾನೇ ಬರ್ದಿದೀರ" ಎಂದರು. ಅಕ್ಕ ನಕ್ಕರು. ಆಮೇಲೆ ಅವರು ಏನನ್ನೂ ಬರೆಯಲಿಲ್ಲ. ನನ್ನ ಲೇಖನಗಳನ್ನೂ ಮುಟ್ಟಲಿಲ್ಲ, ಬರೆದುಕೊಟ್ಟಿದ್ದನ್ನು ಬರೆದುಕೊಟ್ಟ ಹಾಗೆ ಜೋಡಿಸಿದರು. ಮೊಳೆ ಇಲ್ಲದಿದ್ದರೆ ಕಾದು ಜೋಡಿಸಿದರು. ನನ್ನ ಸೂರ್ಯ ಮತ್ತೆ ಪ್ರಜ್ವಲಿಸತೊಡಗಿದ. ಎರಡು ಮೂರು ವರ್ಷಗಳಲ್ಲಿ ಜನ, ಮೇಷ್ಟ್ರ ಹಳೇ ಬರಹದ ರುಚಿ ಈಗಿಲ್ಲ ಎಂದು ನನ್ನ ಕಿವಿಗೆ ಬೀಳುವ ಹಾಗೆಯೇ ಅಂದರು. ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಮೊಳೆಗಳನ್ನು ತೂಕಕ್ಕೆ ಹಾಕಿದರು. ಅಕ್ಕ ಊರಿಗೆ ಹೋದರು ಎಂದು ಯಾರೋ ಹೇಳಿದರು. ಹಂದನಕೆರೆ ಏನು ಕಾಶಿಯೇ. ಬಸ್ಸು ಹತ್ತಿದರೆ ಊಟದ ಹೊತ್ತಿಗೆ ವಾಪಸ್ಸು ಬರಬಹುದು. ಒಂದು ದಿನವೂ ಹೋಗಲಿಲ್ಲ.

ತುರುವೇಕೆರೆಯಿಂದ ಬಂದ ಮಾರನೇ ದಿನ ಯಜಮಾನರ ಮನೆಗೆ ಹೋದೆ. ಅವರಿಗೆ ಈಗ ಕಣ್ಣು ಮಂಜು. ಹಳೆಯ ಪತ್ರಿಕೆಗಳ ಕಟ್ಟು ಇನ್ನೂ ಇತ್ತು, ಇಲಿ ತಿಂದು ಬಿಟ್ಟದ್ದು. ಎರಡು ದಿನ ಹುಡುಕಿದೆ. ಸಿಕ್ಕಿತು. ಜೆರಾಕ್ಸ್ ಮಾಡಿಸಿಕೊಂಡು ಮನೆಗೆ ತಂದು, ಪೆನ್ಸಿಲ್ ಹಿಡಿದು ಕೂತೆ. ನಾನು ತಿದ್ದಿದ್ದನ್ನು ತಿದ್ದಬೇಕೆಂದು. ಕರತಲ ಹೊಡೆದು ಅಂಗೈ ಬರೆದೆ. ತೀರ್ಥರೂಪರನ್ನು ಹೊಡೆದು ಅಪ್ಪ ಬರೆದೆ. ಕೆಲವು ಕಡೆ ಅಕ್ಕನ ಪದ ತಾನಾಗಿಯೇ ಬಂದು ಕೂತಿತು. ಕೆಲವು ಕಡೆ ನನ್ನದೇ ಯಾವುದೋ ಹಾಕಿ ಸಮಾಧಾನ ಮಾಡಿಕೊಂಡೆ. ಕೊನೆಗೆ ಮೂಕವಿಸ್ಮಿತಕ್ಕೆ ಬಂದು ನಿಂತೆ. ಹೊಡೆದುಹಾಕಿದೆ. ಅಲ್ಲಿ ಬರೆಯಲು ಏನೂ ಇರಲಿಲ್ಲ. ಆ ಚೊಂಬು ನೆನಪಿದೆ, ನೀರು ಗಂಟಲಲ್ಲಿ ಇಳಿದದ್ದು ನೆನಪಿದೆ. ಮಾತು ನೆನಪಿಲ್ಲ. ಹತ್ತು ಹದಿನೈದು ದಿನ ಒದ್ದಾಡಿದೆ. ನಡೆಯುವಾಗ, ಹಲ್ಲುಜ್ಜುವಾಗ ಏನೇನೋ ಹೊಳೆಯುತ್ತಿತ್ತು. ಎಲ್ಲವೂ ನನ್ನವೇ, ಒಂದೂ ಅವನದಲ್ಲ. ಇಡೀ ಜನ್ಮ ಬರೆದವನಿಗೆ ಓದು ಬಾರದ ಒಬ್ಬ ಮನುಷ್ಯನ ನಾಲ್ಕು ಪದ ಕಟ್ಟಲು ಆಗಲಿಲ್ಲ.

ಕೊನೆಗೆ ಹೋದ ವಾರ ಹೊಸದೊಂದು ಜೆರಾಕ್ಸ್ ತೆಗೆದುಕೊಂಡು ಹಂದನಕೆರೆಗೆ ಹೋದೆ. ಅಕ್ಕನ ಕಾಲು ಹಿಡಿದಾದರೂ ಕೇಳುತ್ತೇನೆ ಎಂದುಕೊಂಡಿದ್ದೆ. ಮನೆ ತೋರಿಸಿದವರೇ ಹೇಳಿದರು, ಅಕ್ಕ ಹೋಗಿ ಎರಡು ವರ್ಷವಾಯಿತು. ಮಗಳು ಬಾಗಿಲಿಗೆ ಬಂದಳು. ಪ್ರೆಸ್ಸಿನ ಕಾಲದವನು ಎಂದದ್ದಕ್ಕೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಹಾಳೆಯನ್ನು ಅವಳ ಕೈಗಿಟ್ಟೆ, ನಿಮ್ಮಮ್ಮ ಬರೆದದ್ದು ಎಂದೆ. ಅವಳು ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದಳು.

"ನಮ್ಮಮ್ಮ ಬರೀತಿದ್ರು ಅಂತಲೇ ನಂಗೆ ಗೊತ್ತಿರಲಿಲ್ಲ ಸಾರ್. ಇಷ್ಟು ಗಟ್ಟಿ ಕನ್ನಡ ಅವ್ರ ಬಾಯಲ್ಲಿ ಯಾವತ್ತೂ ಕೇಳಿಲ್ಲ."

"ತಿದ್ದಿದ್ದು ನಾನು ಕಣವ್ವ" ಎಂದೆ.

"ಅದ್ಕೇ ಇಷ್ಟು ಚೆನ್ನಾಗೈತೆ" ಎಂದಳು. ಮರ್ಯಾದೆಗೆ ಅಂದದ್ದಲ್ಲ, ಮನಸಾರೆ ಅಂದಳು.

ನಾನು ಮಜ್ಜಿಗೆ ಲೋಟ ಕೆಳಗಿಟ್ಟು ಕೇಳಿದೆ. ಆ ಅಕ್ಷರಗಳನ್ನು ಕೈಯಲ್ಲಿ ಇಟ್ಟಾಗ ನಿಮ್ಮ ತಾತ ಒಂದು ಮಾತು ಅಂದಿದ್ದರು, ನಿಮ್ಮಮ್ಮ ಯಾವಾಗಲಾದರೂ ಹೇಳಿದ್ದುಂಟೇ ಎಂದು. ತಾತ ತಾನು ಹುಟ್ಟುವ ಮೊದಲೇ ಹೋಗಿದ್ದರು ಎಂದಳು ಅವಳು. ಅಮ್ಮ ಅವರ ಮಾತು ಎತ್ತುತ್ತಲೇ ಇರಲಿಲ್ಲವಂತೆ. ನನಗೆ ಸಹಾಯ ಮಾಡಬೇಕೆಂದು ಹಾಳೆಯನ್ನು ಮತ್ತೆ ಹತ್ತಿರ ಹಿಡಿದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು.

"ಏನೂ ಅನ್ನಲಿಲ್ಲ ಅಂತ ಇಲ್ಲೇ ಬರ್ದೈತಲ್ಲ ಸಾರ್. ಮೂಕರಾದರು ಅಂತ."

ಹೌದು, ಹಾಗೇ ಬರೆದಿದೆ ಎಂದೆ. ಅವಳು ಹಾಳೆಯನ್ನು ಜೋಪಾನವಾಗಿ ಮಡಿಚಿ, ಇದು ನನಗಿರಲಿ ಸಾರ್ ಎಂದು ಇಟ್ಟುಕೊಂಡಳು. ಆ ಮಾತು ಮೂರೇ ಜನಕ್ಕೆ ಗೊತ್ತಿತ್ತು. ಆಡಿದವನಿಗೆ, 'ಅಂಗೇ ಅಂದಿದ್ದು' ಎಂದವರಿಗೆ, ಅದರ ಮೇಲೆ ಗೆರೆ ಎಳೆದ ನನಗೆ. ಈಗ ಉಳಿದಿರುವವನು ನಾನೊಬ್ಬನೇ, ನನಗೆ ಅದು ನೆನಪಿಲ್ಲ.